ಮೂರು ಮಹಡಿ, ಒಂದೇ ವೈಫೈ

"ನಿಮ್ಮ ನಕ್ಷೆ ನಮ್ಮ ಕೈ ಸೇರಿದೆ," ಎಂದರು ಸ್ಪರ್ಧೆಯ ಕಾರ್ಯದರ್ಶಿ. "ಆದರೆ ಎರಡು ಸಲ ಸೇರಿದೆ. ಒಂದು ನಿಮ್ಮ ಹೆಸರಲ್ಲಿ, ಇನ್ನೊಂದು ಬೇರೆಯವರ ಹೆಸರಲ್ಲಿ."

ಫೋನ್ ಹಿಡಿದಿದ್ದವಳಿಗೆ ತಕ್ಷಣ ಅರ್ಥವಾಗಲಿಲ್ಲ.

"ಅಂದ್ರೆ?"

"ನೀವು ನಿನ್ನೆ ಕಳಿಸಿದ್ರಿ. ಅವರು ವಾರದ ಮೊದಲಲ್ಲೇ ಕಳಿಸಿದಾರೆ. ಗೆರೆಗೆ ಗೆರೆ ಒಂದೇ. ವಿಚಾರಿಸಿದೆ. ‘ನಾವಿಬ್ರೂ ಪಾಲುದಾರರಾಗಿದ್ದಾಗ ನಾನು ಬರೆದದ್ದು, ಅವರು ಎತ್ಕೊಂಡಿದಾರೆ’ ಅಂದ್ರು."

"ಸುಳ್ಳು! ಇದರ ಮೇಲೆ ಒಂದು ವರ್ಷ ಕೂತಿದೀನಿ. ನನ್ನ ಫೈಲಿನ ತಾರೀಕು ನೋಡಿ ಬೇಕಾದ್ರೆ."

"ಕಂಪ್ಯೂಟರಿನ ತಾರೀಕನ್ನ ಯಾರು ಬೇಕಾದ್ರೂ ತಿದ್ದಬಹುದಲ್ಲ? ಸಂಜೆ ಐದಕ್ಕೆ ತೀರ್ಪುಗಾರರು ಸೇರ್ತಾರೆ. ಅಷ್ಟರೊಳಗೆ ಬೇರೆ ಏನಾದ್ರೂ ಆಧಾರ ಇದ್ರೆ ಕೊಡಿ. ಇಲ್ಲಾಂದ್ರೆ ಮೊದಲು ಬಂದವರದೇ ನಕ್ಷೆ. ನಕಲು ಮಾಡಿದವರನ್ನ ಮುಂದೆ ಯಾವ ಸ್ಪರ್ಧೆಗೂ ತಗೊಳ್ಳೋದಿಲ್ಲ. ಅವರ ನಕ್ಷೆಯ ಒಂದು ಹಾಳೆ ಕಳಿಸಿದೀನಿ, ನೋಡಿ."

ಕರೆ ಕಡಿಯಿತು. ಹಾಳೆ ಫೋನಿಗೆ ಬಂತು.

ಮಕ್ಕಳ ಆಸ್ಪತ್ರೆಯ ಅಂಗಳಕ್ಕೆಂದು ಬರೆದ ಆಟದ ಜಾಗ. ಗಾಲಿಕುರ್ಚಿಯಲ್ಲಿ ಕೂತ ಮಗುವೂ ಯಾರ ಕೈ ಹಿಡಿಯದೆ ತಾನೇ ಹತ್ತಿ ಹೋಗಬಹುದಾದ ಸುರುಳಿ ಹಾದಿ. ನಡುವೆ ಮರ. ಹಾದಿಯ ಬುಡದಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಮೇಲೆ ನೋಡುತ್ತ ನಿಂತ ಒಬ್ಬ ಮನುಷ್ಯ. ಎಲ್ಲ ಅವಳದೇ. ಕೆಳಗಿನ ಹೆಸರು ಮಾತ್ರ ಅವಳದಲ್ಲ. ಎರಡು ವರ್ಷದ ಹಿಂದೆ ಜಗಳವಾಡಿ ಬಿಟ್ಟುಹೋದ ಪಾಲುದಾರನದು.

ಮನೆಯವರು ಅವಳನ್ನು ಪೆನ್ಸಿಲ್ ಎಂದು ಕರೆಯುತ್ತಾರೆ. ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾಳೆ, ಮತ್ತು ಅದನ್ನೇ ಮನೆಯೆಲ್ಲ ಹುಡುಕುತ್ತಾಳೆ. ಆಟದ ಜಾಗಗಳ ನಕ್ಷೆ ಬರೆಯುವುದು ಅವಳ ಕಸುಬು. ಮೂರು ಮಹಡಿಯ ಆ ಮನೆಯಲ್ಲಿ ಕೆಳಗೆ ಅಕ್ಕ ಮತ್ತು ಭಾವ, ನಡುವೆ ಇವಳು, ಮೇಲೆ ಒಂದು ವರ್ಷದಿಂದ ಬಾಡಿಗೆಗಿರುವ ಪಿಟೀಲು ಮೇಷ್ಟ್ರು. ಇವಳು ಫೋನ್ ಹಿಡಿದು ಕೆಳಗಿಳಿದು ಬಂದಾಗ ಅಕ್ಕ ಬಾಗಿಲಲ್ಲಿ ನಿಂತು ಊರಿನಿಂದ ಆಗಷ್ಟೇ ಬಂದ ಸೋದರತ್ತೆಯ ಚೀಲ ಇಳಿಸಿಕೊಳ್ಳುತ್ತಿದ್ದಳು.

"ಅತ್ತೆ, ಫೋನ್ ಇವಳ ಕೈಗೆ ಕೊಡಿ. ಹೋದ ವರ್ಷ ನೀವು ಬಂದಾಗ ಇದ್ದ ವೈಫೈ ಡಬ್ಬಿ ತೆಗೆಸಿಬಿಟ್ವಿ. ಈಗ ಹೊಸದು, ಪಾಸ್‌ವರ್ಡೂ ಹೊಸದು."

"ಇರಲಿ ಬಿಡೆ, ಆಮೇಲೆ ಹಾಕಿಸ್ಕೋತೀನಿ. ನನ್ನ ಫೋನಿಗೆ ನೆಟ್ ಹಾಕಿಸೇ ಇಲ್ಲ. ಮನೇಲಿದ್ದಾಗ ಇದ್ರೆ ಸಾಕು, ಬೀದೀಲೆಲ್ಲ ಯಾಕೆ?" ಎಂದವರು ಪೆನ್ಸಿಲ್‌ಳ ಮುಖ ನೋಡಿ ನಿಲ್ಲಿಸಿದರು. "ಏನಾಯ್ತೆ?"

ಈ ಅತ್ತೆಗೆ ಮನೆಯಲ್ಲಿ ಬೆನ್ನ ಹಿಂದೆ ಇನ್ನೊಂದು ಹೆಸರಿದೆ: ಕ್ಲೇಮ್ ಅತ್ತೆ. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೆ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವುದೇ ಅವರ ಉದ್ಯೋಗವಾಗಿತ್ತು. ಸುಟ್ಟ ಗೋದಾಮು, ಕಳೆದ ಒಡವೆ, ಮುರಿದ ಕಾಲು—ಯಾವುದನ್ನೂ ಅವರು ಮೊದಲನೇ ಮಾತಿಗೆ ನಂಬಿದವರಲ್ಲ. ಕಂಪ್ಯೂಟರ್ ಮಾತ್ರ ಅವರಿಗೆ ಅಷ್ಟಕ್ಕಷ್ಟೇ.

ಪೆನ್ಸಿಲ್ ಹೇಳಿದಳು. ನಡುವೆ ಎರಡು ಸಲ ಅತ್ತಳು. ಅತ್ತೆ ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ.

"ನಕ್ಷೆ ಎಲ್ಲಿಟ್ಟಿದ್ದೆ?"

"ಡಿಸ್ಕಿನಲ್ಲಿ. ಅದು ವೈಫೈ ಡಬ್ಬಿಗೆ ಸಿಕ್ಕಿಸಿದೆ. ಮೇಲೆ ನನ್ನ ಮೇಜಿನ ಮೇಲೂ ಕೆಲಸ ಮಾಡ್ತೀನಿ, ಕೆಳಗೆ ಅಕ್ಕನ ಊಟದ ಮೇಜಿನ ಮೇಲೂ ಮಾಡ್ತೀನಿ. ಎರಡೂ ಕಡೆ ಸಿಗ್ಲಿ ಅಂತ."

"ಬೀದಿಯಿಂದ, ಬೇರೆ ಊರಿಂದ, ಅದರೊಳಗೆ ಕೈ ಹಾಕಬಹುದಾ?"

"ಆಗಲ್ಲ ಅತ್ತೆ. ಹೊರಗಿನಿಂದ ನೋಡಿದ್ರೆ ಈ ಇಡೀ ಮನೆಗೆ ಒಂದೇ ಬಾಗಿಲು. ಆ ಬಾಗಿಲು ನಮ್ಮ ಡಬ್ಬಿ. ಒಳಗೆ ಎಷ್ಟು ಜನ ಇದಾರೆ, ಎಲ್ಲಿ ಏನಿದೆ, ಹೊರಗಿನವರಿಗೆ ಕಾಣಲ್ಲ. ಡಿಸ್ಕ್ ಕಾಣಬೇಕು ಅಂದ್ರೆ ಮೊದಲು ನಮ್ಮ ವೈಫೈಗೆ ಸೇರಬೇಕು."

"ಸೇರಬೇಕು ಅಂದ್ರೆ ಪಾಸ್‌ವರ್ಡ್ ಬೇಕು. ಅದು ಯಾರಿಗೆ ಗೊತ್ತು?"

"ನನಗೊಬ್ಬಳಿಗೇ. ಯಾರಿಗೂ ಬಾಯಿಬಿಟ್ಟು ಹೇಳಲ್ಲ. ಫೋನ್ ಇಸ್ಕೊಂಡು ನಾನೇ ಒತ್ತಿ ಕೊಡ್ತೀನಿ. ಅಕ್ಕಂದು, ಭಾವಂದು, ಅಷ್ಟೇ. ಮೇಷ್ಟ್ರಿಗೆ ಬೇರೆ. ಅವರದು ಅತಿಥಿಗಳ ವೈಫೈ. ಅದೇ ಡಬ್ಬಿಯದು, ಆದರೆ ಅದರಲ್ಲಿ ಸೇರಿದವರಿಗೆ ಡಿಸ್ಕ್ ಕಾಣಲ್ಲ."

ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

"ಹಾಗಾದ್ರೆ ನಿನ್ನ ಮಾತಿನ ಪ್ರಕಾರ ಕದ್ದು ಕೊಟ್ಟವರು ಈ ಮನೆಯೊಳಗೇ ಇದಾರೆ."

ಈ ಮಾತನ್ನು ಪೆನ್ಸಿಲ್ ಕರೆ ಬಂದಾಗಿನಿಂದ ತನ್ನೊಳಗೇ ಅದುಮಿಟ್ಟುಕೊಂಡಿದ್ದಳು. ಅಕ್ಕನ ಮುಖ ಕೆಂಪಾಯಿತು.

"ಅತ್ತೆ, ನಾನಂತೂ ಅವಳ ಡಿಸ್ಕ್ ಮುಟ್ಟಿಲ್ಲ. ಅದನ್ನ ಮುಟ್ಟೋದು ಹೇಗೆ ಅಂತಾನೂ ಗೊತ್ತಿಲ್ಲ."

"ನಿನ್ನ ಕೇಳಿದ್ನಾ?"

"ಕೇಳ್ತೀರಲ್ಲ, ಅದಕ್ಕೇ ಮುಂಚೆನೇ ಹೇಳ್ದೆ."

ಅತ್ತೆ ಆ ಹಾಳೆಯನ್ನು ದೊಡ್ಡದು ಮಾಡಿ ನೋಡಿದರು. ಬೆರಳು ಒಂದು ಕಡೆ ನಿಂತಿತು.

"ಈ ಮನುಷ್ಯ ಯಾರು?"

"ಯಾರೂ ಅಲ್ಲ ಅತ್ತೆ. ಅಳತೆಗೆ ನಿಲ್ಲಿಸೋದು. ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ರೆ ಹಾದಿ ಎಷ್ಟೆತ್ತರ ಅಂತ ನೋಡಿದವರಿಗೆ ಗೊತ್ತಾಗುತ್ತೆ. ಎಲ್ಲರೂ ಹಾಕ್ತಾರೆ. ಅದನ್ನ ಯಾರೂ ನೋಡಲ್ಲ."

"ಎಲ್ಲಿಂದ ತರ್ತೀರಿ ಇವರನ್ನ?"

ಅಷ್ಟರಲ್ಲಿ ಭಾವ ಒಳಗಿನಿಂದ ಬಂದ. ಬೋಳು ತಲೆ, ತುಂಬು ಹೊಟ್ಟೆ, ಎಡಗೈಗೆ ಬಿಳಿ ಕಟ್ಟು. ಆ ಕೈಯನ್ನು ಹೆಂಡತಿಯ ಹಳೇ ಸ್ಕಾರ್ಫಿನಲ್ಲಿ ಜೋತುಬಿಟ್ಟುಕೊಂಡಿದ್ದ. ಅತ್ತೆಯನ್ನು ಕಂಡದ್ದೇ ಅರ್ಧ ಹೆಜ್ಜೆ ಹಿಂದೆ ಸರಿದ. ಕ್ಲೇಮ್ ಅತ್ತೆಯೆಂದರೆ ಅವನಿಗೆ ಮದುವೆಯಾದ ದಿನದಿಂದಲೂ ಹೆದರಿಕೆ.

"ಇದೇನು ಅಳಿಯಂದ್ರೇ, ಕೈ?"

"ಹೋದ ತಿಂಗಳು ಬಚ್ಚಲಲ್ಲಿ ಜಾರಿದೆ ಅತ್ತೆ. ಸೋಪಿನ ನೀರು."

"ಅಯ್ಯೋ ಪಾಪ," ಎಂದರು ಅತ್ತೆ. ಮುಖದಲ್ಲಿ ಪಾಪವೆನ್ನಿಸಿದ ಗುರುತೇನೂ ಇರಲಿಲ್ಲ.

ಭಾವ ಏನೋ ನೆನಪಾದವನಂತೆ ಹಿತ್ತಲಿಗೆ ನಡೆದ.

"ಮೊದಲು ಮೇಷ್ಟ್ರನ್ನ ಕೇಳೋಣ ಅತ್ತೆ," ಎಂದಳು ಪೆನ್ಸಿಲ್. ಕಳ್ಳ ಯಾರಾದರೂ ಆಗಲೇಬೇಕಿದ್ದರೆ ಅದು ಹೊರಗಿನವರಾಗಲಿ ಎಂಬ ಆಸೆ ಅವಳಿಗಿತ್ತು, ಮತ್ತು ಅದನ್ನು ಅವಳು ಬಚ್ಚಿಡಲೂ ಇಲ್ಲ.

ಮೇಲಿನ ಮಹಡಿಗೆ ಮನೆಯ ಪಕ್ಕದ ಓಣಿಯಿಂದ ಬೇರೆ ಮೆಟ್ಟಿಲು. ಪಾಠಕ್ಕೆ ಬರುವವರು ಕೆಳಗಿನವರ ಬಾಗಿಲು ಬಡಿಯದೆ ನೇರ ಹತ್ತಬಹುದು. ಮೆಟ್ಟಿಲ ತುದಿಯಲ್ಲಿ ಸಣ್ಣ ಜಗಲಿಯಷ್ಟು ಜಾಗ, ಒಂದು ಪ್ಲಾಸ್ಟಿಕ್ ಕುರ್ಚಿ, ತಲೆಯ ಮೇಲೆ ಹಳೇ ಕೊಡೆ, ಖಾಲಿ ಕುಂಡ, ರಟ್ಟಿನ ಪೆಟ್ಟಿಗೆ ತುಂಬಿದ ಅಟ್ಟ. ಅತ್ತೆ ಮಂಡಿ ಹಿಡಿದುಕೊಂಡು ಹತ್ತಿ ಆ ಕುರ್ಚಿಯ ಮೇಲೆ ಕೂತು ಏದುಸಿರು ಬಿಟ್ಟರು. ಅವರ ಕೈಚೀಲದೊಳಗೆ ಫೋನ್ ಟಣ್ ಎಂದಿತು. ಇನ್ನೊಮ್ಮೆ ಟಣ್. ಆಮೇಲೆ ಬಿಡುವಿಲ್ಲದೆ.

"ಬೆಳಗಿನ ವಾಕಿಂಗ್ ಗುಂಪು," ಎಂದು ಅತ್ತೆ ಫೋನ್ ತೆಗೆದು ನೋಡಿದರು. "ಹೂವಿನ ಚಿತ್ರ. ದಿನಾ ಎಲ್ಲರೂ ಎಲ್ಲರಿಗೂ ಕಳಿಸ್ತಾರೆ."

ಬಾಗಿಲು ತೆಗೆದ ಮೇಷ್ಟ್ರು ನಕ್ಕರು, ಪೆನ್ಸಿಲ್‌ಗೂ ಆ ಸಂಕಟದಲ್ಲಿ ನಗು ಬಂತು. ಅತ್ತೆ ನಗಲಿಲ್ಲ. ಫೋನನ್ನು ಒಂದು ಗಳಿಗೆ ಹಾಗೇ ನೋಡಿ ಚೀಲಕ್ಕೆ ಹಾಕಿದರು.

ಮೇಷ್ಟ್ರು ಒಣಕಲು ಆಳು. ಗಲ್ಲದ ಕೆಳಗೆ ಪಿಟೀಲು ಒತ್ತಿ ಒತ್ತಿ ಕಪ್ಪು ಗುರುತು.

"ಮೇಷ್ಟ್ರೇ, ನಿಮ್ಮ ಮನೇಲಿ ಇಂಟರ್ನೆಟ್ ಹೇಗಿದೆ?" ಎಂದರು ಅತ್ತೆ.

"ಚೆನ್ನಾಗಿದೆಯಮ್ಮ. ಮೊದಲು ಬಹಳ ಒದ್ದಾಟ ಆಗ್ತಿತ್ತು. ದೂರದ ಊರಿನ ಶಿಷ್ಯರಿಗೆ ಕಂಪ್ಯೂಟರಿನಲ್ಲೇ ಪಾಠ. ಒಂದು ಸ್ವರ ಇಲ್ಲಿ ಹಿಡಿದ್ರೆ ಅಲ್ಲಿ ಮೂರು ತುಂಡಾಗಿ ಬೀಳೋದು. ಈಗ ಸರಿಹೋಗಿದೆ."

"ಹೇಗೆ ಸರಿಹೋಯ್ತು?" ಪೆನ್ಸಿಲ್ ನಡುವೆ ಬಾಯಿ ಹಾಕಿದಳು. "ನಾನೇನೂ ಮಾಡಿಲ್ಲವಲ್ಲ?"

ಮೇಷ್ಟ್ರು ಮುಖ ಆ ಕಡೆ ತಿರುಗಿಸಿದರು.

"ಹೇಗೋ... ಸರಿಹೋಯ್ತು."

"ಹೇಗೋ ಅಂದ್ರೆ?"

"ನೋಡಿ, ನಾನೊಬ್ಬರಿಗೆ ಮಾತು ಕೊಟ್ಟಿದೀನಿ. ಹೇಳೋಕಾಗಲ್ಲ."

ಪೆನ್ಸಿಲ್‌ಗೆ ಇಷ್ಟೇ ಸಾಕಾಗಿತ್ತು. ಆದರೆ ಅತ್ತೆ ಅವಳ ಮೊಣಕೈ ಹಿಡಿದು ಸುಮ್ಮನಿರಿಸಿದರು.

"ಮಾತು ಕೊಟ್ಟಿದ್ರೆ ಬೇಡ ಬಿಡಿ. ಪಾಠಕ್ಕೆ ಇಲ್ಲಿಗೇ ಬರೋರು ಯಾರ್ಯಾರು?"

"ಒಬ್ಬರು ವಕೀಲರು. ಒಬ್ಬರು ಹಲ್ಲಿನ ಡಾಕ್ಟ್ರು. ಇನ್ನೊಬ್ಬರು ವಯಸ್ಸಾದ ಅಮ್ಮ, ಈ ವಯಸ್ಸಲ್ಲಿ ಕಲೀಬೇಕು ಅಂತ ಹಟ. ಇವತ್ತು ನಾಲ್ಕಕ್ಕೆ ಅವರದೇ ಪಾಠ. ಒಬ್ಬೊಬ್ಬರಿಗೆ ಒಂದೊಂದು ಗಂಟೆ. ಜೊತೇಲಿ ಬಂದವರು ಹೊರಗೆ ಈ ಕುರ್ಚೀಲಿ ಕಾಯ್ತಾರೆ. ಒಳಗೆ ಯಾರನ್ನೂ ಕೂರಿಸಲ್ಲ, ಕಲಿಯೋರಿಗೆ ನಾಚಿಕೆ."

ಕೆಳಗಿಳಿಯುವಾಗ ಪೆನ್ಸಿಲ್ ಕುದಿಯುತ್ತಿದ್ದಳು.

"ಅತ್ತೆ, ಅವರೇ! ಮುಖ ನೋಡಿದ್ರಾ? ಯಾರಿಗೋ ಮಾತು ಕೊಟ್ಟಿದಾರಂತೆ. ಯಾರಿಗೆ? ಅವನಿಗೇ ಇರಬೇಕು."

"ಸುಳ್ಳು ಹೇಳೋರು ಮಾತು ಕೊಟ್ಟಿದೀನಿ ಅನ್ನಲ್ಲ ಕಣೆ, ಬೇರೆ ಕಥೆ ಹೇಳ್ತಾರೆ. ನಿಮ್ಮಕ್ಕ ಎಲ್ಲಿ?"

ಅಕ್ಕ ಅಡುಗೆಮನೆಯಲ್ಲಿದ್ದಳು. ಅತ್ತೆ ಅಲ್ಲೇ ಬಾಗಿಲಿಗೆ ಒರಗಿ, ಹಳೇ ಸುದ್ದಿ ಕೇಳುವ ದನಿಯಲ್ಲಿ ಶುರುಮಾಡಿದರು.

"ಅಲ್ಲವೆ, ನಿನ್ನ ಗಂಡ ಬಿದ್ದಾಗ ಎತ್ತಿದ್ದು ಯಾರು?"

"ಯಾರೂ ಇಲ್ಲ ಅತ್ತೆ. ನಾನು ಮಾರ್ಕೆಟ್ಟಿಗೆ ಹೋಗಿದ್ದೆ. ಬಂದು ನೋಡ್ತೀನಿ, ಸೋಫಾ ಮೇಲೆ ಕೈ ಹಿಡ್ಕೊಂಡು ಕೂತಿದಾರೆ. ಹಾಗೇ ಆಸ್ಪತ್ರೆಗೆ ಎಳ್ಕೊಂಡು ಹೋದೆ."

"ಒದ್ದೆ ಬಟ್ಟೇಲಿ?"

"ಒದ್ದೆ ಎಲ್ಲಿ? ಅಂಗಿ ತುಂಬ ಸುಣ್ಣದ ಪುಡಿ. ಒಗೆದು ಒಗೆದು ನನ್ನ ರಟ್ಟೆ ಬಿದ್ದುಹೋಯ್ತು. ಬಚ್ಚಲ ಗೋಡೆಗೆ ಒರಗಿಕೊಂಡೆ ಅಂದ್ರು."

"ಬಚ್ಚಲ ಗೋಡೆಗೆ ಟೈಲ್ಸ್ ಹಾಕಿಸಿದೀಯಲ್ಲೆ."

ಅಕ್ಕನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಪೆನ್ಸಿಲ್ ಅಕ್ಕನ ಮುಖ ನೋಡಲಾಗದೆ ಕಿಟಕಿಯ ಕಡೆ ತಿರುಗಿದಳು.

ಭಾವ ಸುಳ್ಳು ಹೇಳಿದ್ದಾನೆ. ಯಾಕೆ? ಮನೆಯಲ್ಲಿ ಕಂಪ್ಯೂಟರು ಅಷ್ಟಿಷ್ಟು ಗೊತ್ತಿರುವುದು ತನ್ನನ್ನು ಬಿಟ್ಟರೆ ಅವನಿಗೇ. ಪಾಲುದಾರಿಕೆಯ ಕಾಲದಲ್ಲಿ ಆ ಪಾಲುದಾರ ದಿನವೂ ಈ ಮನೆಗೇ ಬಂದು ಕೆಲಸ ಮಾಡುತ್ತಿದ್ದ. ಸಂಜೆಯಾದರೆ ಭಾವನೂ ಅವನೂ ಚದುರಂಗದ ಮಣೆ ಹಾಕಿಕೊಂಡು ಕೂರುತ್ತಿದ್ದರು. ಅಪ್ಪ ಹೋದ ಮೇಲೆ ಪೆನ್ಸಿಲ್‌ಳ ಓದು, ಊಟ, ಜ್ವರ ಎಲ್ಲವನ್ನೂ ನೋಡಿಕೊಂಡವನು ಈ ಭಾವ. ಅವನಾದರೆ? ನಕ್ಷೆ ಹೋದರೆ ಹೋಗಲಿ, ಭಾವ ಆಗದಿರಲಿ ಎಂದು ಅವಳಿಗೆ ಆ ಕ್ಷಣಕ್ಕೆ ನಿಜವಾಗಿ ಅನ್ನಿಸಿತು. ಮರುಕ್ಷಣ ಆ ಸುರುಳಿ ಹಾದಿ ನೆನಪಾಗಿ, ಅದೂ ಹೋಗಬಾರದು ಅನ್ನಿಸಿತು.

ಅತ್ತೆ ಹಿತ್ತಲಿಗೆ ಹೋದರು. ಪೆನ್ಸಿಲ್‌ಗೆ ಮಾತು ಕೇಳಿಸಲಿಲ್ಲ, ನೋಟ ಮಾತ್ರ ಕಂಡಿತು. ಅತ್ತೆ ಏನೋ ಕೇಳಿದರು. ಭಾವ ತಲೆ ಅಲ್ಲಾಡಿಸಿದ. ಅತ್ತೆ ಮತ್ತೇನೋ ಕೇಳಿದರು. ಭಾವನ ಮುಖ ಇಷ್ಟು ಸಣ್ಣದಾಯಿತು. ಆಮೇಲೆ ಅವನು ಒಂದೇ ಕೈ ಆಡಿಸುತ್ತ ಬಹಳ ಹೊತ್ತು ಮಾತಾಡಿದ.

ಅತ್ತೆ ವಾಪಸ್ ಬಂದಾಗ ಪೆನ್ಸಿಲ್ ದಾರಿಗಡ್ಡ ನಿಂತಳು.

"ಭಾವನಾ?"

"ನಾಲ್ಕು ಗಂಟೆ ಆಗ್ಲಿ."

"ಅತ್ತೆ, ಐದಕ್ಕೆ ನನ್ನ ಕಥೆ ಮುಗೀತು! ಹೌದಾ ಅಲ್ವಾ, ಅಷ್ಟು ಹೇಳಿ."

"ಹೌದು ಅಂದ್ರೂ ತಪ್ಪು, ಅಲ್ಲ ಅಂದ್ರೂ ತಪ್ಪು. ನೀನು ಮೊದಲು ಒಂದು ಹೇಳು. ಬೆಳಿಗ್ಗೆ ಕೇಳಿದ್ದು ಅಲ್ಲಿಗೇ ನಿಂತುಹೋಯ್ತು. ನಕ್ಷೇಲಿ ನಿಲ್ಲಿಸೋ ಮನುಷ್ಯರನ್ನ ಎಲ್ಲಿಂದ ತರ್ತೀರಿ?"

ಈಗ ಇದೆಂಥ ಪ್ರಶ್ನೆ ಎಂದು ಪೆನ್ಸಿಲ್‌ಗೆ ಸಿಟ್ಟೇ ಬಂತು. ಆದರೂ ಉತ್ತರ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ನಿಧಾನವಾಯಿತು, ಕೊನೆಯ ಮಾತು ಬಾಯಲ್ಲೇ ಉಳಿಯಿತು. ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

ನಾಲ್ಕಕ್ಕೆ ಓಣಿಯ ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆ ಕೇಳಿಸಿದವು. ಒಂದು ನಿಧಾನ, ಒಂದು ಇನ್ನೂ ನಿಧಾನ. ನಡುವಿನ ಮಹಡಿಯ ಕಿಟಕಿಯ ಪರದೆ ಸರಿಸಿ ನೋಡಿದ ಪೆನ್ಸಿಲ್ ಬಾಯಿಗೆ ಕೈ ಅಡ್ಡ ಹಿಡಿದಳು. ಪಿಟೀಲಿನ ಪೆಟ್ಟಿಗೆ ಎದೆಗವಚಿಕೊಂಡ ವಯಸ್ಸಾದ ಅಮ್ಮ, ಅವರ ತೋಳು ಹಿಡಿದು ಹತ್ತಿಸುತ್ತಿದ್ದ ಮಗ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ. ಅವಳ ಹಳೇ ಪಾಲುದಾರ.

"ಇವನು ನನ್ನ ತಲೆ ಮೇಲೇ ಬಂದು ಕೂರ್ತಿದ್ನಾ?"

"ಮೇಷ್ಟ್ರಿಗೆ ಇವನು ಯಾರು ಅಂತ ಗೊತ್ತಿಲ್ಲ, ನಿನಗೆ ಇವನು ಬರ್ತಾನೆ ಅಂತ ಗೊತ್ತಿಲ್ಲ," ಎಂದರು ಅತ್ತೆ. "ಸ್ವಲ್ಪ ತಾಳು. ಪಿಟೀಲು ಶುರುವಾಗ್ಲಿ."

ಪಿಟೀಲು ಶುರುವಾಯಿತು. ಆ ಅಮ್ಮನ ಹಟ ದೊಡ್ಡದು, ಸ್ವರ ಇನ್ನೂ ಬಂದಿರಲಿಲ್ಲ. ಅತ್ತೆ, ಪೆನ್ಸಿಲ್, ಅಕ್ಕ ಮೂವರೂ ಮೇಲೆ ಹತ್ತಿದರು. ಪಾಲುದಾರ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿದ್ದ. ಪೆನ್ಸಿಲ್‌ಳನ್ನು ಕಂಡು ಮುಚ್ಚಲು ಹೋದ. ಅತ್ತೆ ಪರದೆಯ ಅಂಚಿಗೆ ಬೆರಳಿಟ್ಟರು.

"ಮುಚ್ಚಬೇಡಿಪ್ಪ. ಮಗೂ, ಇದು ಯಾವ ವೈಫೈಗೆ ಸೇರಿದೆ ನೋಡೆ."

ಪೆನ್ಸಿಲ್ ಬಗ್ಗಿ ನೋಡಿದಳು.

"ಗುಬ್ಬಿಗೂಡು," ಎಂದು ಓದಿ ಕಣ್ಣು ಕಣ್ಣು ಬಿಟ್ಟಳು. "ಇದು ನಮ್ಮ ಹಳೇ ವೈಫೈ! ಭಾವ ಇಟ್ಟಿದ್ದ ಹೆಸರು. ಆ ಡಬ್ಬಿ ಎಸೆದು ಆರು ತಿಂಗಳಾಯ್ತು."

"ನನಗೇನು ಗೊತ್ತು?" ಎಂದ ಪಾಲುದಾರ. ದನಿ ಗಟ್ಟಿಯಾಗಿಯೇ ಇತ್ತು. "ಇಲ್ಲಿ ಕೆಲಸ ಮಾಡ್ತಿದ್ದಾಗ ಸೇರಿಸಿದ್ದೆ. ಲ್ಯಾಪ್‌ಟಾಪ್ ನೆನಪಿಟ್ಕೊಂಡಿದೆ, ತಾನಾಗೇ ಸೇರ್ಕೊಂಡಿದೆ. ಅದು ನನ್ನ ತಪ್ಪಾ?"

"ಅಲ್ಲ. ಸೇರ್ಕೊಂಡಿದ್ದು ನಿಮ್ಮ ತಪ್ಪಲ್ಲ," ಎಂದರು ಅತ್ತೆ.

"ಮತ್ತೆ? ಎರಡು ವರ್ಷದಿಂದ ಇವರ ಹೊಸ್ತಿಲು ತುಳಿದಿಲ್ಲ ನಾನು. ಬೆಳಿಗ್ಗೆ ಆ ಕಾರ್ಯದರ್ಶಿಗೂ ಹೇಳಿದೀನಿ. ಆ ನಕ್ಷೆ ಆಗಿನದು, ನಾನು ಬರೆದದ್ದು."

"ಪೂರ್ತಿ ನೀವೇ?"

"ಪೂರ್ತಿ."

ಅತ್ತೆ ಪೆನ್ಸಿಲ್‌ಳ ಫೋನಿನಲ್ಲಿ ಆ ಹಾಳೆ ತೆರೆದು ತೋರಿಸಿದರು. "ಈ ಮರ?"

"ನಾನೇ."

"ಇಲ್ಲಿ ನಿಂತಿರೋ ಈ ಮನುಷ್ಯ?"

ಅವನು ಹಾಳೆಯನ್ನು ನೋಡಿ ಭುಜ ಕುಣಿಸಿದ. "ಅವನೂ. ಆಸ್ಪತ್ರೆ ನಕ್ಷೆ ಅಲ್ವಾ? ಕೈ ಮುರಿದ ರೋಗಿ ಒಬ್ಬ ಇರ್ಲಿ ಅಂತ ಹಾಕಿದೆ."

"ಎರಡು ವರ್ಷದ ಹಿಂದೆ?"

"ಹೇಳಿದ್ನಲ್ಲ, ಆಗಲೇ."

"ಅಳಿಯಂದ್ರೇ!" ಅತ್ತೆ ಕೆಳಕ್ಕೆ ಬಗ್ಗಿ ಕೂಗಿದರು. "ಬನ್ನಿ ಮೇಲೆ!"

ಭಾವ ಹತ್ತಿ ಬಂದ. ಇನ್ನೂ ನಾಲ್ಕು ಮೆಟ್ಟಿಲು ಇರುವಾಗಲೇ ನಿಂತು, ಬರಲೋ ಬೇಡವೋ ಎಂದು ಮೇಲೆ ನೋಡಿದ. ಬೋಳು ತಲೆ ಸ್ವಲ್ಪ ಓರೆ, ಹೊಟ್ಟೆ ಮುಂದೆ, ಎಡಗೈ ಹೊಟ್ಟೆಯ ಮೇಲೆ, ಬಲಹೆಗಲಿನ ಮೇಲೆ ಸ್ಕಾರ್ಫಿನ ದೊಡ್ಡ ಗಂಟು. ಅತ್ತೆ ಹಾಳೆಯನ್ನು ಅವನ ಪಕ್ಕಕ್ಕೆ ಹಿಡಿದರು. ಗಂಟಿನ ಎರಡು ತುದಿಗಳೂ ಅದರಲ್ಲಿದ್ದವು.

ಪಾಲುದಾರ ಹಾಳೆಯನ್ನೂ ಭಾವನನ್ನೂ ಮತ್ತೆ ಮತ್ತೆ ನೋಡಿದ.

"ಬೇರೆಯವರು ನಕ್ಷೆಗೆ ಸಿದ್ಧವಾದ ಗೊಂಬೆಗಳನ್ನ ಹಾಕ್ತಾರಂತೆ," ಎಂದರು ಅತ್ತೆ. "ಇವಳಿಗೆ ಅದು ಸೇರಲ್ಲ. ಮನೆಯವರ ಫೋಟೋ ತೆಗೆದು ಅದರ ಮೇಲೇ ಗೆರೆ ಎಳೀತಾಳೆ. ಇವರು ಕೈ ಮುರ್ಕೊಂಡಿದ್ದು ಹೋದ ತಿಂಗಳು. ಫೋಟೋ ಆ ವಾರದ್ದು. ಎರಡು ವರ್ಷದ ಹಿಂದೆ ಈ ಕೈ ಸರಿಯಾಗೇ ಇತ್ತು."

"ನಿಮ್ಮ ಜೊತೆ ಚದುರಂಗ ಆಡ್ತಿದ್ದ ಕೈ," ಎಂದ ಭಾವ ಮೆಲ್ಲಗೆ.

"ಎಕ್ಸ್‌ರೇ ಇದೆ," ಎಂದಳು ಅಕ್ಕ. "ಆಸ್ಪತ್ರೆಯವರ ತಾರೀಕು ಅದರ ಮೇಲೇ ಅಚ್ಚಾಗಿದೆ. ಅದನ್ನ ಯಾರು ತಿದ್ದುತಾರೋ ತಿದ್ಲಿ."

ಪೆನ್ಸಿಲ್ ಭಾವನ ಕಡೆ ತಿರುಗಿದಳು.

"ಮ... ಮತ್ತೆ ಆ ಡಬ್ಬಿ? ನೀವು ಎಸೀತೀನಿ ಅಂದಿದ್ರಲ್ಲ?"

ಭಾವ ಅಟ್ಟದ ಕಡೆ ನೋಡಿದ. ಅತ್ತೆಯೇ ಉತ್ತರ ಕೊಟ್ಟರು.

"ನಿನ್ನ ಭಾವ ಹರಿದ ಚಪ್ಪಲಿ ಎಸೆದಿದ್ದನ್ನ ಯಾವತ್ತಾದ್ರೂ ನೋಡಿದೀಯಾ? ಮೇಷ್ಟ್ರ ಸ್ವರ ತುಂಡಾಗ್ತಿತ್ತು. ನಿನ್ನ ಕೇಳಿದ್ರೆ ಅವರಿಗೆ ಅತಿಥಿಗಳ ವೈಫೈ ಮಾತ್ರ ಅಂತ ನಿಯಮ ಹೇಳ್ತೀಯ. ಅದಕ್ಕೆ ಇವರು ಒಂದು ದಿನ ನೀವಿಬ್ಬರೂ ಇಲ್ಲದಾಗ ಗೋಡೆಗೆ ತೂತು ಕೊರೆದು, ನಿನ್ನ ಹೊಸ ಡಬ್ಬಿಯಿಂದ ಇಲ್ಲೀವರೆಗೆ ಕೇಬಲ್ ಎಳೆದು, ಹಳೇ ಡಬ್ಬೀನ ಆ ಕೊಡೆಯ ಹಿಂದೆ ಕೂರಿಸಿದ್ರು. ಹೆಸರೂ ಹಳೇದೇ, ಪಾಸ್‌ವರ್ಡೂ ಹಳೇದೇ. ಕೆಲಸ ಮುಗಿಸಿ ಸ್ಟೂಲಿನಿಂದ ಇಳಿಯುವಾಗ ಬಿದ್ರು. ನಿನಗೆ ಹೆದರಿ ಬಚ್ಚಲ ಕಥೆ ಕಟ್ಟಿದ್ರು. ಮೇಷ್ಟ್ರ ಕೈಲೂ ಯಾರಿಗೂ ಹೇಳಲ್ಲ ಅಂತ ಮಾತು ತಗೊಂಡ್ರು. ಹೊಸ ಬಾಗಿಲಿಗೆ ನೀನು ಹೊಸ ಬೀಗ ಹಾಕಿದೆ, ಇವರು ಹಿಂದಿನ ಬಾಗಿಲು ತೆಗೆದಿಟ್ರು. ಅದರ ಹಳೇ ಕೀಲಿ ಇದ್ದೋರೆಲ್ಲ ಒಳಗೆ ಬರೋಹಾಗಾಯ್ತು."

"ಡಿಸ್ಕಿಗೆ ಬೇರೆ ಪಾಸ್‌ವರ್ಡ್ ಇತ್ತಲ್ಲ ಅತ್ತೆ?"

"ಯಾವಾಗ ಇಟ್ಟಿದ್ದು?"

ಪೆನ್ಸಿಲ್ ತಲೆ ತಗ್ಗಿಸಿದಳು. ಡಿಸ್ಕ್ ಪಾಲುದಾರಿಕೆಯ ಕಾಲದ್ದೇ. ಡಬ್ಬಿ ಬದಲಾಯಿಸಿದವಳು ಡಿಸ್ಕಿನ ಪಾಸ್‌ವರ್ಡ್ ಬದಲಾಯಿಸಿರಲಿಲ್ಲ.

"ಆದರೆ ಅತ್ತೆ, ಅಟ್ಟದ ಮೇಲೆ ಡಬ್ಬಿ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ನನಗೆ ಡಬ್ಬಿ ಗಿಬ್ಬಿ ಗೊತ್ತಾಗಲಿಲ್ಲ. ನನ್ನ ಫೋನಿಗೆ ಗೊತ್ತಾಯ್ತು. ಬೆಳಿಗ್ಗೆ ಇಲ್ಲಿ ಬಂದು ಕೂತ ಕೂಡ್ಲೆ ಹೂವಿನ ಚಿತ್ರ ಸುರಿದವಲ್ಲ? ನೀವೆಲ್ಲ ನಕ್ಕಿರಿ. ನನ್ನ ಫೋನಿಗೆ ನೆಟ್ ಇಲ್ಲ. ಹೊಸ ಪಾಸ್‌ವರ್ಡ್ ನೀನು ಇನ್ನೂ ಒತ್ತಿ ಕೊಟ್ಟಿರಲಿಲ್ಲ. ಹಾಗಾದ್ರೆ ಆ ಚಿತ್ರಗಳು ಯಾವ ದಾರೀಲಿ ಬಂದವು? ಹೋದ ವರ್ಷ ಈ ಮನೇಲಿ ನನಗೆ ಗೊತ್ತಿದ್ದ ದಾರಿ ಒಂದೇ. ಅದು ಮುಚ್ಚಿದೆ ಅಂತ ನೀವು ಹೇಳಿದ್ರಿ. ಮುಚ್ಚಿಲ್ಲ ಅಂತ ಫೋನ್ ಹೇಳ್ತು. ನನಗೆ ತೆರೆದಿದ್ರೆ, ಆ ಕಾಲದಲ್ಲಿ ಇಲ್ಲಿ ಬಂದು ಹೋಗ್ತಿದ್ದ ಇನ್ನೊಬ್ಬರಿಗೂ ತೆರೆದಿರಬೇಕು. ಅಂಥವರು ಈ ಕುರ್ಚೀಲಿ ಒಂದು ಗಂಟೆ ಕೂರಬೇಕು, ಅಷ್ಟೇ."

ಅತ್ತೆ ಪಾಲುದಾರನ ಕಡೆ ತಿರುಗಿದರು.

"ಮನೆಯೋರು ಯಾರೂ ಏನೂ ಕೊಡಲಿಲ್ಲ. ನಿಮ್ಮ ಲ್ಯಾಪ್‌ಟಾಪ್ ತಾನಾಗಿ ಸೇರ್ಕೊಂಡಿತು, ಒಪ್ಪಿದೆ. ಡಿಸ್ಕ್ ತಾನಾಗಿ ಕಾಣಿಸಿತು, ಅದನ್ನೂ ಒಪ್ಪಿದೆ. ಅದನ್ನ ತೆರೆದದ್ದು, ನಕ್ಷೆ ತೆಗೆದದ್ದು, ಅದರ ಕೆಳಗೆ ನಿಮ್ಮ ಹೆಸರು ಬರೆದದ್ದು—ಇವು ಮೂರೂ ತಾನಾಗಿ ಆಗಲ್ಲಪ್ಪ. ಕಳ್ಳ ನೀವೇ."

ಪಾಲುದಾರ ಲ್ಯಾಪ್‌ಟಾಪ್ ಮುಚ್ಚಿದ.

"ನೋಡೋಣ ಅಂತ ತೆರೆದೆ, ಅಷ್ಟೇ," ಎಂದ. "ನನ್ನದು ಆರು ತಿಂಗಳಿಂದ ಆಗ್ತಾನೇ ಇರಲಿಲ್ಲ. ಇವಳದು ನೋಡಿದೆ. ಇಷ್ಟು ಚೆನ್ನಾಗಿ... ನೋಡಿದ ಮೇಲೆ ಬೇರೆ ಏನೂ ಬರೆಯೋಕಾಗಲಿಲ್ಲ."

ಪೆನ್ಸಿಲ್‌ಗೆ ಬಯ್ಯಬೇಕೆಂದು ಬೆಳಿಗ್ಗೆಯಿಂದ ಕೂಡಿಟ್ಟ ಮಾತುಗಳಿದ್ದವು. ಒಂದೂ ಬರಲಿಲ್ಲ. ಭಾವನನ್ನು ಅನುಮಾನಿಸಿದ ನಾಚಿಕೆಯೇ ಅವಳಿಗೆ ಹೆಚ್ಚಾಗಿತ್ತು. ಅವಳು ಎರಡು ಮೆಟ್ಟಿಲು ಇಳಿದು ಭಾವನ ಪಕ್ಕ ಹೋಗಿ ನಿಂತಳು.

ಆಗ ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು, ಪಿಟೀಲು ನಿಂತು ಬಹಳ ಹೊತ್ತಾಗಿದೆ ಎಂದು.

ಬಾಗಿಲಲ್ಲಿ ಅವನ ತಾಯಿ ನಿಂತಿದ್ದರು. ಹಿಂದೆ ಏನು ಮಾಡಬೇಕೆಂದು ತೋಚದೆ ಮೇಷ್ಟ್ರು. ಆ ತಾಯಿ ಮಗನನ್ನು ಏನೂ ಕೇಳಲಿಲ್ಲ. ಪೆನ್ಸಿಲ್‌ಳನ್ನು ಒಂದು ಸಲ ನೋಡಿದರು.

"ಐದಕ್ಕೆ ಸೇರ್ತಾರೆ ಅಂದ್ಯಲ್ಲ ಬೆಳಿಗ್ಗೆ?" ಎಂದರು ಮಗನಿಗೆ. "ಇನ್ನೂ ಹೊತ್ತಿದೆ. ಫೋನ್ ಮಾಡು."

"ಅಮ್ಮಾ, ಮನೆಗೆ ಹೋಗಿ—"

"ಇಲ್ಲೇ ಮಾಡು."

ಅವನು ಫೋನ್ ತೆಗೆದ. ಎರಡು ಸಲ ತಪ್ಪಾಗಿ ಒತ್ತಿದ. ಆ ಕಡೆಯಿಂದ ಕಾರ್ಯದರ್ಶಿಯವರು ಹಲೋ ಎಂದದ್ದು ಸಣ್ಣಗೆ ಕೇಳಿಸಿತು. ಅವನು ಗೋಡೆಯ ಕಡೆ ಮುಖ ಮಾಡಿ, ಕೈಯಿಂದ ಬಾಯಿ ಮರೆಮಾಡಿಕೊಂಡು, ಏನೋ ಹೇಳಿದ.

"ಜೋರಾಗಿ ಹೇಳು," ಎಂದರು ತಾಯಿ. "ನನಗೆ ಕೇಳಿಸಲಿಲ್ಲ."

ಅವನು ತಿರುಗಿದ. ಕೈ ಬಾಯಿಂದ ಇಳಿಸಿದ.

"ಆ ನಕ್ಷೆ ನನ್ನದಲ್ಲ," ಎಂದ. "ಅವಳದು. ನಾನು ಕದ್ದೆ."